ಬಕೆಟ್ ಟೀಮಿನ ಭಾನುವಾರಗಳು

ಮೊನ್ನೆ ಪಕ್ಕದ ಮನೆಯವರು ಒಲೆಯ ಹತ್ತಿರ ಪ್ಲಾಸ್ಟಿಕ್ ಮಗ್ಗು ಇಟ್ಟು ಮರೆತಿದ್ದರು. ಅದು ಬಾಗಿ, ಕರಗಿ, ಬೀದಿಗೆಲ್ಲ ನಾತ ಹರಡಿತು. ಎಲ್ಲರೂ ಮೂಗು ಮುಚ್ಚಿಕೊಂಡರು, ನಾನು ಮುಚ್ಚಿಕೊಳ್ಳಲಿಲ್ಲ. ನೈರೋಬಿಯಲ್ಲಿದ್ದಷ್ಟು ವರ್ಷವೂ ನನ್ನ ತಮ್ಮ ಮುನಿರಾಜು ಸಂಜೆಗೆ ಅದೇ ವಾಸನೆ ಹೊತ್ತುಕೊಂಡು ಮನೆಗೆ ಬರುತ್ತಿದ್ದ. ಇಂಡಸ್ಟ್ರಿಯಲ್ ಏರಿಯಾದ ಬಕೆಟ್ ಫ್ಯಾಕ್ಟರಿಯಲ್ಲಿ ಅವನು ಸೂಪರ್‌ವೈಸರ್. ಅಂಗಿಯನ್ನು ಎಷ್ಟು ಕುಕ್ಕಿ ಒಗೆದರೂ ಕಾಲರಿನಲ್ಲಿ ಅದು ಉಳಿದೇ ಇರುತ್ತಿತ್ತು. ಸೌತ್ ಸಿ ಅನ್ನುವ ಬಡಾವಣೆಯಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಮರದ ಪಟ್ಟಿ ಹಾಸಿದ ನೆಲ, ಕಿಟಕಿಗೆಲ್ಲ ಕಬ್ಬಿಣದ ಗ್ರಿಲ್, ಹಿಂದುಗಡೆ ಬಟ್ಟೆ ಒಗೆಯುವ ಕಲ್ಲು. ತಮ್ಮ, ಅವನ ಹೆಂಡತಿ ಪುಷ್ಪ, ಮಗಳು ಸುಷ್ಮ, ನಾನು. ಪುಷ್ಪ ಸ್ಕೂಲಿನಲ್ಲಿ ಟೀಚರ್. ಮಗು ನೋಡಿಕೊಳ್ಳಲು ಜನ ಬೇಕೆಂದು ನನ್ನನ್ನು ಕರೆಸಿಕೊಂಡಿದ್ದರು. ಎರಡು ಸಾವಿರದ ಇಸವಿ ಕಳೆದ ಹೊಸತು. ನಾನು ಮೊದಲ ಸಲ ವಿಮಾನ ಹತ್ತಿದ್ದೂ, ಕೊನೆಯ ಸಲ ಮನೆಯೊಂದು ನನ್ನದು ಅಂದುಕೊಂಡಿದ್ದೂ ಆಗಲೇ.

ತಮ್ಮನನ್ನು ಸಾಕಿದ್ದು ನಾನೇ. ಅಮ್ಮ ಹೋದಾಗ ಅವನಿಗೆ ಐದು ವರ್ಷ, ನನಗೆ ಹದಿನೇಳು. ಬಂದಿದ್ದ ಒಂದು ಸಂಬಂಧ ಅಲ್ಲಿಗೇ ನಿಂತಿತು. ಬೆಂಗಳೂರಿನ ಮಿಲ್ಲಿನ ಲೈನಿನಲ್ಲಿ ನಮ್ಮ ಮನೆ. ಅಪ್ಪ ತಂದುಹಾಕುತ್ತಿದ್ದ ಮಿಲ್ಲಿನ ಚಿಂದಿಯನ್ನು ಉಂಡೆ ಮಾಡಿ, ಮೇಲೆ ದಾರ ಬಿಗಿದರೆ ಚೆಂಡಾಯಿತು. ಅದನ್ನು ಒದೆಯುತ್ತಾ ಅವನು ಬೆಳೆದ. ದೊಡ್ಡವನಾದ ಮೇಲೆ ಮಿಲ್ಲಿನ ಟೀಮಿಗೂ ಆಡಿದ. ಮಂಡಿ ಮುರಿದುಕೊಂಡ ಮೇಲೆ ಬಿಟ್ಟ. ನೈರೋಬಿಗೆ ಹೋದ ಹೊಸತರಲ್ಲಿ ಅವನಿಗೆ ಯಾವುದೂ ಹಿಡಿಸಿರಲಿಲ್ಲವಂತೆ. ಒಂದು ದಿನ ಫ್ಯಾಕ್ಟರಿ ಗೇಟಿನ ಹತ್ತಿರ ಮಕ್ಕಳು ಆಡುತ್ತಿದ್ದವು. ಪ್ಲಾಸ್ಟಿಕ್ ಕವರುಗಳನ್ನು ಉಂಡೆ ಮಾಡಿ ಮೇಲೆ ದಾರ ಸುತ್ತಿದ ಚೆಂಡು. ಅದನ್ನು ನೋಡುತ್ತಾ ಅಲ್ಲೇ ನಿಂತುಬಿಟ್ಟನಂತೆ, ಬರಬೇಕಿದ್ದ ಮಟಾಟು ವ್ಯಾನು ಬಂದು ಹೋದರೂ ಗೊತ್ತಾಗಲಿಲ್ಲವಂತೆ. ಅಲ್ಲಿಂದ ಮುಂದೆ ಊರು ಹಿಡಿಸಿತು.

ಫ್ಯಾಕ್ಟರಿಗೆ ಒಂದು ಟೀಮಿತ್ತು. ಕಾಗದದಲ್ಲಿ ಅದಕ್ಕೆ ಧಣಿಯ ಅಪ್ಪನ ಹೆಸರು, ಜನರ ಬಾಯಲ್ಲಿ ಬಕೆಟ್ ಟೀಮು. ಆಡುವವರೆಲ್ಲ ಮೆಷಿನ್ ನಡೆಸುವವರು, ಲೋಡು ಹೊರುವವರು. ಫ್ಯಾಕ್ಟರಿಯ ಹಿಂದೆ ಕೆಂಪು ಮಣ್ಣಿನ ಮೈದಾನ, ಹೆಸರಿಗೂ ಒಂದು ಹುಲ್ಲುಕಡ್ಡಿ ಇಲ್ಲ. ಗೋಡೆಯಾಚೆ ಲಾರಿಗಳ ಸಾಲು. ಡ್ರೈವರುಗಳು ಲಾರಿಯ ತಲೆಯ ಮೇಲೆ ಕೂತು ಪುಕ್ಕಟೆ ಆಟ ನೋಡುತ್ತಿದ್ದರು. ಒಂದು ಮೂಲೆಯಲ್ಲಿ ತಗಡಿನ ಮಾಡಿನ ಕೋಣೆ. ಧಣಿ ಬಂದ ದಿನ ಅದರ ಕಿಟಕಿ ತೆರೆಯುತ್ತಿತ್ತು. ಅವನ ಹಿರಿಯರು ಇಂಡಿಯಾದಿಂದ ಹೋದವರು, ನಮ್ಮವರ ಹತ್ತಿರ ಹಿಂದಿ ಆಡುತ್ತಿದ್ದ. ಭಾನುವಾರ ಬೆಳಿಗ್ಗೆ ನಾನು ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬುತ್ತಿದ್ದೆ. ಪುಷ್ಪ ಪೇಪರು ತಿದ್ದುವುದಿದೆ ಎಂದು ಉಳಿಯುತ್ತಿದ್ದಳು. ನಾವು ಮೂವರು ಹೋಗುತ್ತಿದ್ದೆವು. ಸುಷ್ಮಳಿಗೆ ಆಗ ಎಂಟೋ ಒಂಬತ್ತೋ. ನಾನು ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ.

ಮೊದಲನೇ ದಿನವೇ ನಾನೊಂದು ಎಡವಟ್ಟು ಮಾಡಿದೆ. ನಮ್ಮ ಹುಡುಗನೊಬ್ಬ ಚೆಂಡು ತೆಗೆದುಕೊಂಡು ಗೋಲಿನ ಹತ್ತಿರಕ್ಕೆ ಹೋದ. ಹೋದವನು ಒದೆಯುವುದು ಬಿಟ್ಟು ಅತ್ತ ಇತ್ತ ನೋಡುತ್ತಾ ನಿಂತ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಹೊಡಿ! ಲೋ, ಹೊಡಿಯೋ!" ಎಂದು ಕೂಗಿದೆ. ಪಕ್ಕದಲ್ಲಿ ಸುಟ್ಟ ಜೋಳ ಮಾರುತ್ತಿದ್ದ ವಂಬೂಯಿ ನನ್ನತ್ತ ತಿರುಗಿ, ಹೊಟ್ಟೆ ಹಿಡಿದುಕೊಂಡು ನಕ್ಕು, "ಕರಿಬು, ಮಾಮ! ಕರಿಬು!" ಎಂದಳು. ಮಾಮ ಅಂದರೆ ಅಲ್ಲಿ ಅಮ್ಮ. ಸುತ್ತಲಿದ್ದವರೆಲ್ಲ ನಕ್ಕರು. ಇವಳು ನನ್ನನ್ನು ಆಡಿಕೊಳ್ಳುತ್ತಿದ್ದಾಳೆ ಎಂದು ನನಗೆ ಸಿಟ್ಟು ಬಂತು. ಸುಷ್ಮ ನನ್ನ ಸೆರಗು ಹಿಡಿದೆಳೆದಳು. "ಅತ್ತೆ! ಹೊಡಿ ಮೀನ್ಸ್ ಮೇ ಐ ಕಮ್ ಇನ್! ಯು ಆರ್ ಆಸ್ಕಿಂಗ್ ದ ಗೋಲ್‌ಕೀಪರ್!" ಆ ಕಡೆಯ ಪದ್ಧತಿ ಹಾಗೆ. ಯಾರದೇ ಮನೆಗೆ ಹೋದರೂ ಬಾಗಿಲ ಹೊರಗೆ ನಿಂತು ಹೊಡಿ ಅನ್ನಬೇಕು, ಒಳಗಿಂದ ಕರಿಬು, ಬನ್ನಿ, ಅಂದ ಮೇಲೆಯೇ ಹೊಸ್ತಿಲು ದಾಟಬೇಕು. ಎಷ್ಟು ಹೊತ್ತಾದರೂ ಸರಿ, ಉತ್ತರ ಬರುವವರೆಗೆ ಕಾಯುತ್ತಾರೆ. ನಾನು ಗೋಲಿನ ಬಾಯಲ್ಲಿ ನಿಂತು, ಒಳಗೆ ಬರಲಾ ಎಂದು ಎದುರಾಳಿಯನ್ನು ಕೇಳಿದ ಹಾಗಾಗಿತ್ತು. ಜನಕ್ಕೆ ಅದು ಬಹಳ ಹಿಡಿಸಿತು. ಮುಂದಿನ ವಾರದಿಂದ ನಮ್ಮವರು ಗೋಲಿನ ಹತ್ತಿರ ಹೋದರೆ ಸಾಕು, ಅರ್ಧ ಮೈದಾನ ಹೊಡಿ ಅನ್ನುತ್ತಿತ್ತು, ಇನ್ನರ್ಧ ಕರಿಬು ಅನ್ನುತ್ತಿತ್ತು. ಧಣಿ ಕೂಡ ಕಿಟಕಿಯಿಂದ ತಲೆ ಹಾಕಿ ಮುನಿರಾಜುವನ್ನು ಕೇಳಿದನಂತೆ, ನಿಮ್ಮ ಭಾಷೆಯಲ್ಲಿ ಅದಕ್ಕೇನರ್ಥ ಎಂದು. ಬಾರಿಸು ಅಂತ ಅರ್ಥ, ಎಂದು ಇವನು ಹೇಳಿದ್ದಕ್ಕೆ ಧಣಿಯೂ ನಕ್ಕನಂತೆ.

ನಗು ಎರಡು ವರ್ಷ ಬಾಳಿತು. ಆಮೇಲೆ ಧಣಿಗೆ ಟೀಮು ಬೇಡವಾಯಿತು. ಬೇಡವಾದರೆ ಬೇಡ ಅನ್ನಬಹುದಿತ್ತು, ಅನ್ನಲಿಲ್ಲ. ಓಡುವ ಹುಡುಗರಿಬ್ಬರನ್ನು ಬೇರೆ ಕ್ಲಬ್ಬಿಗೆ ಕೊಟ್ಟುಬಿಟ್ಟ. ತನ್ನ ಅಳಿಯನನ್ನು ಕೋಚ್ ಮಾಡಿ ಕೂರಿಸಿದ. "ಅವ್ನಿಗೆ ಚೆಂಡು ದುಂಡಗಿರುತ್ತೆ ಅನ್ನೋದೊಂದೇ ಗೊತ್ತಿರೋದು ಕಣಕ್ಕ" ಎನ್ನುತ್ತಿದ್ದ ಮುನಿರಾಜು. ಹರಿದ ಬೂಟಿಗೆ ಹುಡುಗರು ಫ್ಯಾಕ್ಟರಿಯ ಪ್ಯಾಕಿಂಗ್ ಟೇಪು ಸುತ್ತಿಕೊಂಡು ಆಡಿದರು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಮ್ಯಾಚಿನ ದಿನವೇ ಆಟಗಾರರನ್ನು ಪಾಳಿಗೆ ಹಾಕತೊಡಗಿದರು. ಆ ಪಾಳಿಯ ಪಟ್ಟಿ ಬರೆಯುವವನು ನನ್ನ ತಮ್ಮನೇ. ಶನಿವಾರ ಧಣಿ ಹೇಳಿದ ಹೆಸರು ಬರೆಯುವುದು, ಭಾನುವಾರ ಅದೇ ಹುಡುಗನಿಲ್ಲದ ಟೀಮು ನಾಲ್ಕು ಗೋಲು ತಿನ್ನುವುದನ್ನು ನೋಡಿ ತಲೆ ಚಚ್ಚಿಕೊಳ್ಳುವುದು. ಎದುರು ಟೀಮಿನವರು ಈಗ ನಮ್ಮ ಗೋಲಿನ ಹತ್ತಿರ ಬಂದು ಹೊಡಿ ಅನ್ನುತ್ತಿದ್ದರು. ನಮ್ಮವರೇ ಬೇಜಾರಿಗೆ, "ಕರಿಬು, ಕರಿಬು, ಚಹಾ ಕುಡಿದೇ ಹೋಗಿ" ಎನ್ನುತ್ತಿದ್ದರು. ಬಕೆಟ್ಟಿಗೆ ತೂತು ಬಿದ್ದಿದೆ ಎಂದು ಲಾರಿಯ ಮೇಲಿನಿಂದ ಕೂಗು. ಸೋಲುವ ಟೀಮಿಗೆ ಮನಸ್ಸು ಕೊಟ್ಟವರು ನಿಮ್ಮ ಮನೆಯಲ್ಲೂ ಇದ್ದರೆ ಗೊತ್ತಿರುತ್ತದೆ, ಭಾನುವಾರ ಸಂಜೆ ಆ ಮನೆಯಲ್ಲಿ ಪಾತ್ರೆಯ ಸದ್ದೂ ಜೋರಾಗಿ ಕೇಳುತ್ತದೆ. "ಇಷ್ಟು ಗೋಳಾಡೋದಾದ್ರೆ ಯಾಕ್ ಹೋಗ್ತೀಯ?" ಎಂದು ಕೇಳಿದೆ. "ಹೋಗ್ದೆ ಇನ್ನೇನ್ ಮಾಡ್ಲಿ?" ಎಂದ.

ಆ ವರ್ಷ ಮಳೆ ಮುಗಿಯುವ ಹೊತ್ತಿಗೆ ಸುದ್ದಿ ಬಂತು. ಟೂರ್ನಿ ಮುಗಿದ ಮೇಲೆ ಟೀಮು ಮುಚ್ಚುತ್ತಾರಂತೆ, ಮೈದಾನದಲ್ಲಿ ಗೋಡೌನ್ ಕಟ್ಟುತ್ತಾರಂತೆ. ಅದೇ ಭಾನುವಾರ ಧಣಿ ಬಹಳ ದಿನದ ಮೇಲೆ ಬಂದಿದ್ದ. ಆಟ ಮುಗಿಯಿತು, ಸೋತೆವು. ಯಾವಾಗಲಿನ ಹಾಗೆ ಧಣಿ ಮುನಿರಾಜುವನ್ನು ತಗಡಿನ ಕೋಣೆಗೆ ಕರೆಸಿಕೊಂಡ. ಜನ ಮನೆಗೆ ಹೋಗಲಿಲ್ಲ. ಮೂವತ್ತು ನಲವತ್ತು ಮಂದಿ ಕೋಣೆಯ ಬಾಗಿಲಿಗೆ ಬಂದು ನಿಂತರು. ಮುಂದೆ ಒಟಿಯೆನೊ; ಲೋಡಿಂಗಿನವನು, ಬಾಗಿಲಲ್ಲಿ ತಲೆ ತಗ್ಗಿಸಬೇಕಾದಷ್ಟು ಎತ್ತರದ ಆಳು. ಡಬ್ಬಿ ಹಿಡಿದುಕೊಂಡು ನಾನೂ, ನನ್ನ ಕೈ ಹಿಡಿದು ಸುಷ್ಮಳೂ ಕಿಟಕಿಯ ಪಕ್ಕಕ್ಕೆ ಸರಿದೆವು. ಒಟಿಯೆನೊ ಟೋಪಿ ತೆಗೆದು, ಮೆಲ್ಲಗೆ, ನೆಂಟರ ಮನೆಗೆ ಬಂದವನ ಹಾಗೆ, "ಹೊಡಿ" ಎಂದ. ಹಿಂದಿದ್ದವರೂ "ಹೊಡಿ" ಎಂದರು. ಕಿರುಚಾಟವಿಲ್ಲ. ಮಾತಾಡಬೇಕು, ಒಳಗೆ ಬರಬಹುದೇ, ಅಷ್ಟೇ. ಒಳಗಿಂದ ಸದ್ದಿಲ್ಲ. ಇವರು ಸ್ವಲ್ಪ ಕಾದು ಮತ್ತೆ ಹೊಡಿ ಎಂದರು. ನಾನು ಕಿಟಕಿಯಿಂದ ನೋಡಿದೆ. ಧಣಿಯ ಮುಖ ಬಿಳಿಚಿಕೊಂಡಿತ್ತು. ಅವನು ಮುನಿರಾಜುವಿನ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದ: "ಯೇ ಕೌನ್ಸಾ ಹೊಡಿ ಹೈ, ರಾಜು? ಇನ್ಕಾ, ಯಾ ತುಮ್ಹಾರಾ?" ಇದು ಅವರ ಹೊಡಿಯೋ, ನಿಮ್ಮ ಹೊಡಿಯೋ?

ತಮ್ಮ ಹೇಳಿದ, "ಅವರದ್ದೇ ಸಾರ್. ಬರಬಹುದಾ ಅಂತ ಕೇಳ್ತಿದ್ದಾರೆ. ನೀವು ಕರಿಬು ಅನ್ನಬೇಕು."

ಧಣಿ ಅನ್ನಲಿಲ್ಲ. ವಾಚ್‌ಮನ್‌ನನ್ನು ಕರೆದು ಇವರನ್ನು ಕಳಿಸು ಎಂದ. ವಾಚ್‌ಮನ್ ಹೊರಗೆ ಜನರ ನಡುವೆಯೇ ನಿಂತಿದ್ದ, ಅಲುಗಲಿಲ್ಲ. ಮೂರನೇ ಸಲ ಹೊಡಿ ಕೇಳಿತು. ನನ್ನ ತಮ್ಮನ ವರ್ಕ್ ಪರ್ಮಿಟ್ಟು ಧಣಿಯ ಸಹಿಯ ಮೇಲೆ ನಿಂತದ್ದು. ಮನೆ, ಹುಡುಗಿಯ ಸ್ಕೂಲು, ನಾವು ಆ ದೇಶದಲ್ಲಿ ಉಸಿರಾಡುವುದು, ಎಲ್ಲ ಆ ಕಾಗದದ ಮೇಲೆ. ಅವನಿಗದು ಚೆನ್ನಾಗಿ ಗೊತ್ತಿತ್ತು. ಸುಮ್ಮನೆ ನಿಲ್ಲುವುದು ಬಿಟ್ಟು ಅವನು ಮಾಡಬೇಕಾದದ್ದು ಏನೂ ಇರಲಿಲ್ಲ. ಅವನು ಬಾಗಿಲ ಕಡೆ ನೋಡಿದ, ಗಂಟಲು ಸರಿಮಾಡಿಕೊಂಡ, "ಕರಿಬು" ಎಂದ.

ಜನ ಕಾಲು ಒರೆಸಿಕೊಂಡು ಒಳಗೆ ಹೋದರು. ಹಿಡಿಸಿದಷ್ಟು ಮಂದಿ ಒಳಗೆ, ಉಳಿದವರು ಹೊಸ್ತಿಲಲ್ಲಿ. ಒಟಿಯೆನೊ ನಿಧಾನವಾಗಿ ಎಲ್ಲ ಹೇಳಿದ: ಬೂಟು, ಪಾಳಿ, ಅಳಿಯ, ಮೈದಾನ. ಧಣಿ ಕೇಳಿಸಿಕೊಂಡ, ಯೋಚಿಸೋಣ ಎಂದ. ಅವರು ಅಸಾಂಟೆ, ಉಪಕಾರವಾಯಿತು, ಎಂದು ಹೇಳಿ ಹೊರಟುಹೋದರು. ಯಾರೂ ಯಾರ ಮೈ ಮುಟ್ಟಲಿಲ್ಲ. ಎಲ್ಲ ಹೋದ ಮೇಲೆ ಧಣಿ ಒಂದೇ ಮಾತು ಕೇಳಿದ: "ನನ್ನ ಬಾಗಿಲಲ್ಲಿ ಕರಿಬು ಹೇಳೋಕೆ ನೀನ್ಯಾರು?"

ಪರ್ಮಿಟ್ಟಿಗೆ ಸಹಿ ಬೀಳಲಿಲ್ಲ. ಇನ್ನೊಂದು ತಿಂಗಳು ಉಳಿದಿತ್ತು, ಅಷ್ಟೇ. ಪುಷ್ಪ ಅತ್ತಳು, ನಾನು ಅಳಲಿಲ್ಲ, ಬೈದೆ. "ಹೆಣ್ಮಗಳಿರೋನು ನೀನು. ಬಾಯ್ ಮುಚ್ಕೊಂಡಿರಕ್ಕೆ ಏನಾಗಿತ್ತು ನಿಂಗೆ? ಟೀಮು ಉಳೀತಾ?" ಎಂದೆ. "ಉಳಿಯಲ್ಲಕ್ಕ, ಗೊತ್ತು. ಅಷ್ಟು ಹೊತ್ತು ಬಾಗಿಲಲ್ಲಿ ನಿಲ್ಸಬಾರ್ದಿತ್ತು" ಎಂದ. ಇದೆಂಥ ಮಾತು ಎಂದು ನಾನು ಅವನ ಹತ್ತಿರ ಮಾತು ಬಿಟ್ಟೆ. ಅವನು ತಪ್ಪು ಮಾಡಿದ ಅಂತಲೇ ಈಗಲೂ ಅನ್ನುತ್ತೇನೆ. ಸರಿಯಾದದ್ದನ್ನೇ ಮಾಡಿದ ಎಂದು ಸುಷ್ಮ ಅನ್ನುತ್ತಾಳೆ, ಅನ್ನಲಿ. ಅವಳೀಗ ಹಾಸನದಲ್ಲಿ ಸ್ಕೂಲ್ ಮಕ್ಕಳಿಗೆ ಆಟ ಕಲಿಸುತ್ತಾಳೆ, ಕನ್ನಡದಲ್ಲೇ ಬೈಯುತ್ತಾಳೆ. ಪುಷ್ಪ ಅವಳ ಜೊತೆಗಿದ್ದಾಳೆ. ಮುನಿರಾಜು ಬೆಂಗಳೂರಿಗೆ ಬಂದು ಯಾವುದೋ ಶೆಡ್ಡಿನಲ್ಲಿ ಬಾಟಲಿಯ ಮುಚ್ಚಳ ಒತ್ತುತ್ತಿದ್ದ. ಎದೆನೋವೆಂದು ಕೂತವನು ಏಳಲಿಲ್ಲ. ಗೋಡೌನ್ ಎದ್ದಿತು ಎಂದು ಯಾರೋ ಫೋನಿನಲ್ಲಿ ಹೇಳಿದರು. ವಂಬೂಯಿ ಇದ್ದಾಳೋ ಇಲ್ಲವೋ ಗೊತ್ತಿಲ್ಲ. ಆ ಮನೆಯಲ್ಲಿ ಈಗ ಯಾರಿದ್ದಾರೋ.

ನೈರೋಬಿಯ ಕೊನೆಯ ಭಾನುವಾರ ಮಾತ್ರ ಹೇಳಿ ಮುಗಿಸುತ್ತೇನೆ. ಮನೆಯ ಸಾಮಾನೆಲ್ಲ ಪೆಟ್ಟಿಗೆ ಸೇರಿತ್ತು. ಒಂದು ಪಾತ್ರೆ, ನಾಲ್ಕು ತಟ್ಟೆ, ಒಂದು ಸೌಟು ಹೊರಗಿಟ್ಟುಕೊಂಡಿದ್ದೆ. ಮುನಿರಾಜು ಬೆಳಿಗ್ಗೆ ಎದ್ದು ಅಂಗಿ ಹಾಕಿಕೊಂಡು ಎಂದಿನಂತೆ ಹೊರಟ. ಈಗವನು ಫ್ಯಾಕ್ಟರಿಯ ಜನವಲ್ಲ. ಗೋಡೆಯಾಚೆ, ಲಾರಿಯ ತಲೆ ಹತ್ತಿ ಕೂತು ನೋಡಿದನಂತೆ. ಮಧ್ಯಾಹ್ನ ಬಂದ, ಕೈಕಾಲು ತೊಳೆದ, ಪೆಟ್ಟಿಗೆಗಳ ನಡುವೆ ನೆಲದ ಮೇಲೆ ಕೂತ. ನಾನು ಅನ್ನ ಸಾರು ಬಡಿಸಿದೆ. ಮೂರು ವಾರದಿಂದ ಮಾತಾಡದಿದ್ದವಳು, ಯಾಕೋ ಕೇಳಿದೆ.

"ಏನಾಯ್ತೋ?"

"ಸೋತ್ರು."

"ಎಷ್ಟಕ್ಕೆ?"

"ಎರಡು–ಒಂದು. ಆದ್ರೆ ಆ ಒಂದು ಇತ್ತಲ್ಲಕ್ಕ, ಎಂಥಾ ಗೋಲು ಅಂತೀಯ! ಹೊಸಾ ಹುಡುಗ, ಎಡಗಾಲಲ್ಲಿ ಹಾಕ್ದ." ಅವನ ಮುಖ ಅರಳಿತ್ತು. ಕಲಸಿದ ತುತ್ತು ಕೈಯಲ್ಲೇ ಹಿಡಿದುಕೊಂಡು ಹೇಳಿದ, "ಮುಂದಿನ್ ವಾರ ಬಿಡಲ್ಲ, ನೋಡ್ತಿರು. ಚಿತ್ರಾನ್ನ ಮಾಡು, ನೀನೂ ಬಾ."

ನಮ್ಮ ವಿಮಾನ ಗುರುವಾರ. ಬಾಗಿಲಲ್ಲಿ ನಿಂತಿದ್ದ ಪುಷ್ಪ ಬಾಯಿ ತೆರೆದಳು. ನಾನು ಅವಳಿಗೆ ಕಣ್ಣು ಬಿಟ್ಟು, ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದೆ.

"ಬರ್ತೀನಿ, ಉಣ್ಣು" ಎಂದೆ.