ಹಾಳೆಗಿಳಿಯದ ಕೂಗು

ಅದು ಎಲ್ಲ ಭಾನುವಾರಗಳಂಥದೇ ಒಂದು ಭಾನುವಾರ. ಬೀದರಿನ ನಮ್ಮ ಮನೆಯಂಗಳದಲ್ಲಿ ಅವ್ವ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಕೋಫಿ ಮೆಟ್ಟಿಲ ಮೇಲೆ ಕೂತು ನನಗೆ ತನ್ನ ಭಾಷೆ ಕಲಿಸುತ್ತಿದ್ದ. ಘಾನಾದಿಂದ ಪಶುವೈದ್ಯಕೀಯ ಓದಲು ಬಂದವನು. ಅವನ ಮನೆಮಾತು ಅವಾಟಿಮೆ, ಬೆಟ್ಟದ ಕೆಲವೇ ಊರುಗಳದು. ಶಾಲೆಯಲ್ಲಿ ಕಲಿತದ್ದು ನೆರೆಯವರ ದೊಡ್ಡ ಭಾಷೆ ಮತ್ತು ಇಂಗ್ಲಿಷು. ಹಾಗಾಗಿ ಮನೆಮಾತನ್ನು ಅವುಗಳ ಅಕ್ಷರಗಳಲ್ಲೇ ಬರೆಯುತ್ತಿದ್ದ. ದನಿ ಏರಿದಲ್ಲಿ ಅಕ್ಷರದ ನೆತ್ತಿಗೊಂದು ಓರೆಗೆರೆ, ಇಳಿದಲ್ಲಿ ಆಚೆ ಕಡೆ ವಾಲಿದ ಇನ್ನೊಂದು.

ನಾನು ಸೋತದ್ದು ಒಂದು ಸದ್ದಿಗೆ. 'ಗ'ವನ್ನೂ 'ಬ'ವನ್ನೂ ಒಂದೇ ಏಟಿಗೆ ಬಿಡಬೇಕು. ತುಟಿ, ಗಂಟಲು ಎರಡೂ ಮುಚ್ಚಿದ್ದು ಕೂಡಿಯೇ ತೆರೆಯಬೇಕು. ಯಾರೂ ಇಲ್ಲದಾಗ ನೀವೂ ಪ್ರಯತ್ನಿಸಿ ನೋಡಿ. ಭಾಲ್ಕಿಯಲ್ಲಿ ಪದವಿ ಪಡೆದ ಈ ಮಗಳ ಬಾಯಿಂದ ಬಂದದ್ದು ನೀರಿಗೆ ಬಿದ್ದ ಕಲ್ಲಿನ ಸದ್ದು. ಅವ್ವ ಮೊರದಿಂದ ಕಣ್ಣೆತ್ತದೆಯೇ ಅದನ್ನು ಸ್ವಚ್ಛವಾಗಿ ಅಂದಳು. ಕೋಫಿ ಎದ್ದು ನಿಂತ.

"ಇದಕ್ಯಾಕ ಸಾಲಿ ಬೇಕಪಾ? ಕುರಿ ಕರಿಯೋದು ಹಿಂಗೇ ಅದ."

ಅವ್ವ ಔರಾದ ಸೀಮೆಯ ಠಾಣಾ ಕುಶನೂರಿನಲ್ಲಿ ಹಿಂಡಿನ ಜೊತೆ ಬೆಳೆದವಳು. ಆ ಕೂಗನ್ನು ಗೆರೆಗಳ ಸಮೇತ ಬರೆದುಕೊಡುತ್ತೇನೆಂದ ಕೋಫಿ. ಒಮ್ಮೆ ಕೂಗು, ದನಿ ತುಂಬಿಕೊಳ್ಳುತ್ತೇನೆ ಎಂದು ನಾನು ಫೋನು ಹಿಡಿದೆ. ಅವ್ವ ಒಪ್ಪಲಿಲ್ಲ. ಬರೀ ಸದ್ದು ಬೇರೆ; ಪೂರ್ತಿ ಕೂಗನ್ನು ನಮ್ಮವರು ಕುರಿ ಎದುರಿಗಿಲ್ಲದೆ ಹಾಕುವುದಿಲ್ಲ. ಕರೆದ ಮೇಲೆ ಒಂದು ಹಿಡಿ ಹೊಟ್ಟಾದರೂ ಇಡಬೇಕು.

"ಸುಳ್ಳೇ ಯಾಕ ಕರೀಲವ್ವಾ? ಅಮಾಸಿಗಿ ಊರಿಗಿ ಹೋಗೋಣ, ಅಲ್ಲಿ ತುಂಬ್ಕೊ."

ನಾನು ಮುಖ ಊದಿಸಿಕೊಂಡು ಒಳಗೆ ಹೋದೆ. ಗುರುವಾರ ಬೆಳಿಗ್ಗೆ ಅವ್ವ ನಿದ್ದೆಯಿಂದ ಏಳಲೇ ಇಲ್ಲ.

ಅಮಾವಾಸ್ಯೆಗೆ ಊರಿಗೆ ಹೋದೆವು, ಕೋಫಿಯೂ ಬಸ್ಸು ಹತ್ತಿದ. ಸೋದರಮಾವ ಕರೆದ, ಕುರಿಗಳು ಬಂದವು, ಹೊಟ್ಟು ತಿಂದವು. ಮಾವನ ಕೂಗು ಮೊಂಡು. ಊರಿಗೆ ಬಂದಾಗ ಅವ್ವ ಹಾಕುತ್ತಿದ್ದ ಕೂಗು ನಡುವೆ ಎಲ್ಲೋ ಮೇಲೇರುತ್ತಿತ್ತು. ಎಲ್ಲಿ ಎಂದು ಕೋಫಿ ಪೆನ್ನು ಹಿಡಿದು ಮೆಲ್ಲಗೆ ಕೇಳಿದ. ನಲವತ್ತು ವರ್ಷ ಕೇಳಿದ ದನಿ. ಗೆರೆ ಎಲ್ಲಿ ಹಾಕಬೇಕೆಂದು ಹೇಳಲಾಗಲಿಲ್ಲ.

ಓದು ಮುಗಿಸಿ ಹೋದ ಕೋಫಿ ಈಗ ತನ್ನ ಅಜ್ಜಿಯ ಮಾತುಗಳನ್ನು ತುಂಬಿ ಕಳಿಸುತ್ತಾನೆ, ಜೊತೆಗೆ ಅವನ್ನೇ ಬರೆದ ಹಾಳೆಯ ಚಿತ್ರ. ಮೊದಲ ಸಲ ಕಳಿಸಿದಾಗ ನಮ್ಮ ಮಾತಿನಲ್ಲೇ ಹೇಳಿದ್ದ: "ಅಕ್ಕಾ, ನಾ ಅಮಾಸಿ ಕಾಯಲಿಲ್ಲರಿ."

ಇಂದು ಬೆಳಿಗ್ಗೆ ಬಂದದ್ದನ್ನು ಗೆರೆ ನೋಡಿಕೊಂಡು ಗಟ್ಟಿಯಾಗಿ ಓದಿದೆ. ಅರ್ಧಮರ್ಧ ಬರುತ್ತದೆ. ಆ ಅಜ್ಜಿ ಕೆಮ್ಮುವುದು, ನಗುವುದು ಎಲ್ಲ ನನ್ನ ಫೋನಿನಲ್ಲಿದೆ. ಅವ್ವನ ಕೂಗು ಇಲ್ಲ.