ಕಾಲನ್ನು ದೂಡಿದ ಬ್ರೇಕು

ಕಟಪಾಡಿಯಲ್ಲಿ ಹೆದ್ದಾರಿಯನ್ನು ಬಿಟ್ಟು ಶಿರ್ವದ ಕಡೆಗೆ ತಿರುಗಿದರೆ, ಎಡಗಡೆಯ ತಗಡಿನ ಮಾಡಿನ ಕೆಳಗೆ ಅನಂತೇಶ ಭಟ್ಟರ ಗ್ಯಾರೇಜು ಕಾಣಿಸುತ್ತದೆ. ಇನ್ನಂಜೆಯ ದೇವಸ್ಥಾನವೊಂದರಲ್ಲಿ ಅರ್ಚಕರಾಗಿದ್ದವರ ಮಗ ಅವರು. ಮಂತ್ರವನ್ನು ತಂದೆಯಿಂದ, ಯಂತ್ರವನ್ನು ಡಿಪ್ಲೊಮಾ ತರಗತಿಯಿಂದ ಕಲಿತು, ಎರಡನ್ನೂ ಒಂದೇ ಶ್ರದ್ಧೆಯಿಂದ ನಡೆಸಿಕೊಂಡು ಬಂದವರು. ಸಂಧ್ಯಾವಂದನೆಯನ್ನು ಮುಗಿಸದೆ ಸ್ಪ್ಯಾನರನ್ನು ಮುಟ್ಟಿದ್ದಿಲ್ಲ. ಸಂಜೆ ತೆಂಗಿನೆಣ್ಣೆ ಹಚ್ಚಿ ಉಗುರುಸಂದಿನ ಕರಿಯನ್ನು ತಿಕ್ಕಿ ತೆಗೆಯದೆ ಮನೆಯ ಮೆಟ್ಟಿಲನ್ನು ಹತ್ತಿದ್ದೂ ಇಲ್ಲ. ಅವರ ಗಿರಾಕಿಗಳಲ್ಲಿ ಉಡುಪಿಯ ಪುರೋಹಿತರಿದ್ದಾರೆ, ಮಣಿಪಾಲದ ವೈದ್ಯರಿದ್ದಾರೆ, ಕಾಪುವಿನ ಮೀನುಗಾರರೂ ಇದ್ದಾರೆ. "ಗ್ಯಾರೇಜಿನಲ್ಲಿ ಮಡಿ ಮೈಲಿಗೆ ಇಲ್ಲ" ಎಂದು ಅವರು ತುಸು ಹೆಮ್ಮೆಯಿಂದಲೇ ಹೇಳುತ್ತಿದ್ದರು. ಈಚೆಗೆ ಆ ಮಾತು ಅವರ ಬಾಯಲ್ಲಿ ಬರುವುದಿಲ್ಲ.

ಕಾಪುವಿನ ಮೋಹಿನಿಯಕ್ಕ ಅವರ ಹಳೆಯ ಗಿರಾಕಿ. ಹಿಂದೆ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಕೊಟ್ಟವರು; ಈಗ ಕಾಪುವಿನ ಮಾರುಕಟ್ಟೆಯಲ್ಲಿ ಅವರಿಗೆ ಒಂದು ಕಟ್ಟೆಯಿದೆ, ಜೊತೆಗೆ ಒಂದು ಕಾರೂ ಇದೆ. ಹಿಂದಿನ ಸೀಟನ್ನು ಕಳಚಿ, ಅಲ್ಲಿ ಮಂಜುಗಡ್ಡೆ ತುಂಬಿದ ಪೆಟ್ಟಿಗೆಗಳನ್ನಿಟ್ಟು, ಅವರ ಮಗ ವಿಶಾಲ್ ಕಾರ್ಕಳ, ಅಜೆಕಾರುಗಳವರೆಗೆ ಮೀನು ಒಯ್ದು ಮಾರಿಬರುತ್ತಾನೆ. ನವರಾತ್ರಿ ಕಳೆದು ದೀಪಾವಳಿ ಸಮೀಪಿಸುತ್ತಿದ್ದ ದಿನಗಳಲ್ಲಿ ಆ ಕಾರಿನಲ್ಲಿ ಒಂದು ಹಳದಿ ದೀಪ ಹತ್ತಿಕೊಂಡಿತು. ಚಕ್ರವು ಜಾರುವ ಹೊತ್ತಿಗೆ ಬ್ರೇಕನ್ನು ಕ್ಷಣಕ್ಷಣಕ್ಕೂ ಸಡಿಲಿಸಿ ಬಿಗಿಯುವ ಎಬಿಎಸ್ ಎಂಬ ವ್ಯವಸ್ಥೆಗೆ ಸೇರಿದ ದೀಪ ಅದು.

ತಾಯಿ ಮಗ ಇಬ್ಬರೂ ಕಾರು ತಂದರು. ಭಟ್ಟರು ಬಾಗಿಲು ತೆರೆದರು. ಒಳಗಿನ ಬೂತಾಯಿ ಮೀನಿನ ವಾಸನೆ ಮುಖಕ್ಕೆ ಬಡಿಯಿತು. ಕಾರಿನ ದೋಷ ಓದುವ ಸ್ಕ್ಯಾನರನ್ನು ಜೋಡಿಸಿದರೆ ಮುಂದಿನ ಬಲಚಕ್ರದ ವೇಗ ಅಳೆಯುವ ಸೆನ್ಸರಿನಿಂದ ಸಂಕೇತ ಬರುತ್ತಿಲ್ಲವೆಂದು ಅದು ತಿಳಿಸಿತು. ಅಷ್ಟರಿಂದ ದೋಷ ಎಲ್ಲಿದೆಯೆಂದು ನಿಶ್ಚಯವಾಗದು. ಅದು ಹುಡುಕಬೇಕಾದ ದಿಕ್ಕು ಮಾತ್ರ. ಇದನ್ನು ಎಷ್ಟೋ ಜನರಿಗೆ ಬಿಡಿಸಿ ಹೇಳಿದ್ದ ಭಟ್ಟರು ಅಂದು ಬಾನೆಟ್ಟನ್ನು ಸಹ ಎತ್ತಲಿಲ್ಲ.

"ಮೀನಿನ ನೀರು ಮೋಹಿನಿಯಕ್ಕ. ಉಪ್ಪುನೀರು ಇಳಿದು ವಯರೆಲ್ಲ ಕೊಳೆತಿರ್ಬೇಕು. ಮಗನಿಗೆ ಸ್ವಲ್ಪ ಚೊಕ್ಕ ಇಟ್ಟುಕೊಳ್ಳಲಿಕ್ಕೆ ಹೇಳಿ" ಎಂದು, ಸ್ಕ್ಯಾನರಿನಿಂದ ದೋಷದ ಸೂಚನೆಯನ್ನು ಅಳಿಸಿ ದೀಪವನ್ನು ಆರಿಸಿದರು.

"ಪೆಟ್ಟಿಗೆಯಿಂದ ಒಂದು ಹನಿ ಬೀಳುವುದಿಲ್ಲ ಭಟ್ರೇ. ಕೆಳಗೆ ಟಾರ್ಪಾಲು ಉಂಟು" ಎಂದ ವಿಶಾಲ್.

"ಬಾಯಿ ಮುಚ್ಚು" ಎಂದರು ತಾಯಿ. "ಟಾರ್ಪಾಲು ಹಾಕುವ ಮೋರೆ ನೋಡು! ಮನೆಯಲ್ಲಿ ಹಾಸಿಗೆ ಮಡಚುವುದಿಲ್ಲ ಇವ."

ಮೂವರೂ ನಕ್ಕರು. ಕಾರು ಹೊರಟುಹೋಯಿತು.

ಮುಂದಿನ ವಾರ ಕಾರ್ಕಳದ ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ವಿಶಾಲ್ ಕಾರನ್ನು ನಿಧಾನಕ್ಕೆ ಇಳಿಸುತ್ತಿದ್ದ. ಎದುರಿಗೆ ನಿಂತಿದ್ದ ರಿಕ್ಷಾವನ್ನು ಕಂಡು ಬ್ರೇಕು ಒತ್ತಿದ. ಪೆಡಲು ಗಡಗಡನೆ ನಡುಗಿ ಅವನ ಕಾಲನ್ನೇ ಹಿಂದಕ್ಕೆ ದೂಡಿತು. ಕಾರು ನಿಲ್ಲದೆ ಉರುಳಿ ರಿಕ್ಷಾದ ಬೆನ್ನನ್ನು ಜಜ್ಜಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ರಿಕ್ಷಾದ ಯಜಮಾನ ರೋನಿಯೂ ಅವನ ಸಂಗಾತಿಗಳೂ ಸುತ್ತುವರಿದು, "ಬ್ರೇಕು ನಿನ್ನ ಕಾಲನ್ನು ದೂಡಿತಾ? ಮತ್ತೆಂತ, ಕಚಗುಳಿ ಇಡ್ಲಿಲ್ವಾ ಮಾರಾಯ?" ಎಂದು ಹಾಸ್ಯಮಾಡಿದರು. ಸುದ್ದಿ ತಿಳಿದು ಓಡಿಬಂದ ಮೋಹಿನಿಯಕ್ಕ ಅಲ್ಲಿಂದಲೇ ಭಟ್ಟರಿಗೆ ಫೋನು ಮಾಡಿದರು.

"ಬ್ರೇಕು ಹಾಗೆ ಕಾಲನ್ನು ದೂಡುವುದು ಉಂಟಾ ಭಟ್ರೇ?"

ಭಟ್ಟರು ಆಗ ಯಾವುದೋ ವಾಹನದ ಅಡಿಯಲ್ಲಿ ಮಲಗಿದ್ದರು. "ಒಣ ರಸ್ತೆಯಲ್ಲಿ, ಆ ವೇಗಕ್ಕೆ, ಎಂತ ದೂಡುವುದು? ಮೊಬೈಲು ನೋಡ್ತಾ ಇದ್ದಿರ್ಬೇಕು, ಈಗಿನವರು ಅಲ್ವಾ" ಎಂದುಬಿಟ್ಟರು. ಎಬಿಎಸ್ ಕೆಟ್ಟರೆ ನಿಧಾನದ ಓಟದಲ್ಲಿಯೂ ಚಕ್ರ ಜಾರಿತೆಂದು ಭ್ರಮಿಸಿ ಬ್ರೇಕನ್ನು ಸಡಿಲಿಸೀತು ಎಂಬುದನ್ನು ಅವರು ಅರಿಯದವರಲ್ಲ. ಸ್ವಲ್ಪ ಯೋಚಿಸಿದ್ದರೆ ನೆನಪಾಗುತ್ತಿತ್ತು. ಯೋಚಿಸಲಿಲ್ಲ.

ಮೋಹಿನಿಯಕ್ಕ ಕೀಲಿಕೈಯನ್ನು ಕಿತ್ತುಕೊಂಡರು. ಮಾರನೆಯ ದಿನದಿಂದ ವಿಶಾಲ್ ಮಲ್ಪೆಯಲ್ಲಿ ಮಂಜುಗಡ್ಡೆ ಹೊರುವ ಕೆಲಸಕ್ಕೆ ಹೋಗತೊಡಗಿದ. ತಾಯಿಯೊಡನೆ ಮಾತು ನಿಂತಿತು. ಮೂತಿ ಜಜ್ಜಿದ ಕಾರು ಮಾತ್ರ ದುರಸ್ತಿಗೆಂದು ಕಟಪಾಡಿಗೆ ಬಂತು.

ಆಗ ಭಟ್ಟರು ಮೊದಲೇ ಮಾಡಬೇಕಾಗಿದ್ದ ಪರೀಕ್ಷೆಯನ್ನು ಕ್ರಮವಾಗಿ ಮಾಡಿದರು. ಗೆಳೆಯನೊಬ್ಬ ಕಾರನ್ನು ನಿಧಾನವಾಗಿ ಓಡಿಸುತ್ತಿರಲು, ತಾವು ಪಕ್ಕದಲ್ಲಿ ಕುಳಿತು ನಾಲ್ಕು ಚಕ್ರಗಳ ವೇಗವನ್ನು ಸ್ಕ್ಯಾನರಿನಲ್ಲಿ ನೋಡಿದರು. ಮೂರು ಚಕ್ರಗಳು ಸಮವಾಗಿ ಸಾಗುತ್ತಿರುವಾಗ ಮುಂದಿನ ಬಲಚಕ್ರದ ಅಂಕಿ ಒಮ್ಮೆಲೇ ಸೊನ್ನೆಗೆ ಇಳಿಯಿತು. ಆಗ ಬ್ರೇಕು ಒತ್ತಿದ ಕೂಡಲೇ ಪೆಡಲು ನಡುಗಿತು. ಗೆಳೆಯ "ಅಯ್ಯೋ, ಕಾಲನ್ನು ದೂಡ್ತಾ ಉಂಟಲ್ಲ!" ಎಂದು ಕೂಗಿದ. ವಿಶಾಲ್ ಆಡಿದ್ದ ಮಾತೇ ಅದು.

ಸೆನ್ಸರು ಸರಿಯಿತ್ತು. ಅದರ ವಯರು ಎಲ್ಲಿಯೂ ಕೊಳೆತಿರಲಿಲ್ಲ. ಇನ್ನು ಉಳಿದದ್ದು ಎಂಜಿನ್ನಿನ ಮಗ್ಗುಲಲ್ಲಿರುವ ಮಾಡ್ಯೂಲು. ಬ್ರೇಕಿನ ನಳಿಗೆಗಳೆಲ್ಲ ಬಂದು ಕೂಡುವ, ಚಕ್ರಗಳ ಸಂಕೇತವನ್ನು ಅಳೆದು ಆಜ್ಞೆ ಕೊಡುವ ಪೆಟ್ಟಿಗೆ. ಅದರ ಪ್ಲಗ್ಗನ್ನು ಕೀಳಹೋದರೆ ಅದನ್ನು ಬಿಗಿದಿಡುವ ಬೀಗದ ಹಿಡಿ ಪೂರ್ತಿ ಕೂರದೆ ಅರ್ಧಕ್ಕೇ ನಿಂತಿತ್ತು. ಮಳೆಗಾಲದಲ್ಲಿ ಇಲಿ ಕಡಿದ ವಯರನ್ನು ಕಟ್ಟುವಾಗ ಆ ಪ್ಲಗ್ಗನ್ನು ತೆಗೆದು ಮತ್ತೆ ಹಾಕಿದವರು ಅವರೇ. ಆ ಸಂದಿನಿಂದ ನೀರು ಇಳಿದು ಒಳಗಿನ ಪಿನ್ನುಗಳಿಗೆ ಹಸಿರು ಕಿಲುಬು ಹತ್ತಿತ್ತು. ಅದರ ನಡುವೆ, ಒಣಗಿ ಹೆಪ್ಪಾಗಿ, ಇನ್ನೊಂದು ಬಣ್ಣವೂ ಇತ್ತು. ಅದು ಕೆಂಪು, ಅಂಚಿನಲ್ಲಿ ಹಳದಿ.

ಭಟ್ಟರು ಬೆರಳಿಗೆ ಹಚ್ಚಿ ನೋಡಿದರು. ಅರಶಿನ, ಕುಂಕುಮ.

ಆಯುಧಪೂಜೆಯ ದಿನ ಗಿರಾಕಿಗಳು ತಮ್ಮ ತಮ್ಮ ವಾಹನಗಳನ್ನು ತಂದು ಅವರ ಗ್ಯಾರೇಜಿನ ಮುಂದೆ ಸಾಲಾಗಿ ನಿಲ್ಲಿಸುವುದು ಆ ಊರಿನ ರೂಢಿ. ಬೇರೆ ಕಡೆ ಗಾಜಿಗೆ ಗಂಧದ ಬೊಟ್ಟಿಟ್ಟು, ಚಕ್ರದ ಕೆಳಗೆ ಲಿಂಬೆ ಇಟ್ಟು ಮುಗಿಸುತ್ತಾರೆ. ಭಟ್ಟರು ಹಾಗಲ್ಲ, ಯಂತ್ರಕ್ಕೆ ಪೂಜೆಯೆಂದ ಮೇಲೆ ಯಂತ್ರಕ್ಕೇ ಸಲ್ಲಬೇಕೆಂದು ಪ್ರತಿಯೊಂದು ಬಾನೆಟ್ಟನ್ನೂ ತೆರೆದು ಕಲಶದ ನೀರನ್ನು ಮಾವಿನೆಲೆಯಿಂದ ಪ್ರೋಕ್ಷಿಸುವವರು. ಈ ವರ್ಷದ ಸಾಲಿನಲ್ಲಿ ಕೊನೆಗೆ ನಿಂತದ್ದು ಮೋಹಿನಿಯಕ್ಕನ ಕಾರು. ಕಲಶದಲ್ಲಿ ಉಳಿದದ್ದನ್ನು ಚೆಲ್ಲಬಾರದೆಂದು, ತಳದ ಕುಂಕುಮದೊಡನೆ ಅಷ್ಟನ್ನೂ ಆ ಎಂಜಿನ್ನಿನ ಮೇಲೆ ಸುರಿದಿದ್ದರು. ಮೋಹಿನಿಯಕ್ಕ ಕೈಮುಗಿದು, "ನಮ್ಮದಕ್ಕೆ ಎಲ್ಲರಿಗಿಂತ ಹೆಚ್ಚು ಸಿಕ್ಕಿತು" ಎಂದು ಸಂತೋಷಪಟ್ಟಿದ್ದರು.

ಪಿನ್ನು ತೊಳೆಯುವ ಸ್ಪ್ರೇ ಡಬ್ಬಿ ಭಟ್ಟರ ಕೈಗೆಟಕುವಲ್ಲೇ ಇತ್ತು. ಒಮ್ಮೆ ಒತ್ತಿದ್ದರೆ ಕೆಂಪೆಲ್ಲ ಕರಗಿಹೋಗುತ್ತಿತ್ತು. ಅದನ್ನು ಎತ್ತಿಕೊಂಡದ್ದು ನಿಜ. ಬಳಿಕ ಕೆಳಗಿಟ್ಟು, ಮಾಡ್ಯೂಲನ್ನು ಇದ್ದ ಹಾಗೆಯೇ ಕಳಚಿ, ಅಂತಹವುಗಳನ್ನು ಪರೀಕ್ಷಿಸುವ ಲಿಗೋರಿಯವರ ಅಂಗಡಿಗೆ ಮಣಿಪಾಲಕ್ಕೆ ಒಯ್ದರು. ಯಾರಾದರೂ ಬೇರೆ ಕಾರಣ ಹೇಳಬಹುದೆಂಬ ಆಸೆ ಅವರ ಮನಸ್ಸಿನಲ್ಲಿತ್ತು.

ಲಿಗೋರಿ ಕನ್ನಡಕವನ್ನು ಹಣೆಗೇರಿಸಿ ಬಗ್ಗಿ ನೋಡಿದರು. "ಎಂತ ಭಟ್ರೇ, ಇದಕ್ಕೂ ಕುಂಕುಮಾರ್ಚನೆ ಮಾಡಿದ್ರಾ?"

ಭಟ್ಟರು ನಗಲಿಲ್ಲ. "ಮೀನಿನ ನೀರಿನಿಂದಲೂ ಹೀಗೆ ಆಗಬಹುದಲ್ವಾ?"

"ಆಗಬಹುದು. ಬಾನೆಟ್ಟಿನ ಒಳಗೆ ಮೀನು ತುಂಬಿಸಿದ್ರೆ."

ಅಷ್ಟು ಸರಳವಾದ ಮಾತು. ಪೆಟ್ಟಿಗೆಗಳು ಕಾರಿನ ಹಿಂಭಾಗದಲ್ಲಿ, ಕೆಟ್ಟದ್ದು ಮುಂಭಾಗದಲ್ಲಿ. ಯಾವ ಪುರೋಹಿತರ ಕಾರೇ ಆಗಿದ್ದರೂ ಬಾನೆಟ್ಟನ್ನು ಎತ್ತದೆ ಕಾರಣ ಹೇಳುತ್ತಿರಲಿಲ್ಲವೆಂಬುದು ಭಟ್ಟರಿಗೆ ಅಲ್ಲಿ ನಿಂತಲ್ಲೇ ಹೊಳೆಯಿತು. ಕೈ ಹುಡುಕುವ ಮೊದಲೇ ಮೂಗು ತೀರ್ಪು ಕೊಟ್ಟಿತ್ತು. ಆ ತಾಯಿ ತನ್ನ ಮಗನನ್ನು ನಂಬದೆ ಹೋದದ್ದೂ ಆ ತೀರ್ಪನ್ನು ನಂಬಿಯೇ.

ಅವರ ಮುಖವನ್ನು ನೋಡಿ ಲಿಗೋರಿ ದನಿ ತಗ್ಗಿಸಿದರು. "ಹೊಸದು ಹಾಕಿ ಕೊಡಿ ಮಾರಾಯ್ರೆ. ಹಳತಾಗಿ ಹೋಯ್ತು ಅಂತ ಹೇಳಿ. ಯಾರು ಬಿಚ್ಚಿ ನೋಡ್ತಾರೆ?"

"ನಾನು ನೋಡಿ ಆಯ್ತಲ್ಲ" ಎಂದರು ಭಟ್ಟರು.

ಹೊಸ ಮಾಡ್ಯೂಲು ಬಂತು. ನಳಿಗೆಗಳನ್ನು ಒಂದೊಂದಾಗಿ ಕೂಡಿಸಿ, ಪ್ಲಗ್ಗಿನ ಹಿಡಿಯನ್ನು 'ಟಕ್' ಎಂದು ಕೇಳುವವರೆಗೆ ಒತ್ತಿ, ಲಿಗೋರಿಯವರಿಂದ ಆ ಕಾರಿಗೆ ತಕ್ಕ ಕೋಡಿಂಗ್ ಮಾಡಿಸಿದರು. ಹೊಸ ಬ್ರೇಕ್ ಆಯಿಲು ತುಂಬಿ, ಸ್ಕ್ಯಾನರಿನಿಂದ ಪಂಪನ್ನು ಓಡಿಸುತ್ತ ಒಳಗೆ ಸಿಕ್ಕ ಗಾಳಿಯನ್ನೆಲ್ಲ ಹೊರಹಾಕಿದರು. ನಿರ್ಜನವಾದ ರಸ್ತೆಯಲ್ಲಿ ಓಡಿಸಿ ಬ್ರೇಕು ಒತ್ತಿದರೆ ಕಾರು ನೇರವಾಗಿ, ಒಂದಿಷ್ಟೂ ಅದುರದೆ ನಿಂತಿತು. ಕೆಲಸ ಕೈಗೂಡಿದಾಗ ಸಾಮಾನ್ಯವಾಗಿ ಅವರ ಮೈಯೆಲ್ಲ ಹಗುರವಾಗುತ್ತಿತ್ತು. ಅಂದು ಆಗಲಿಲ್ಲ.

ಕಾಪುವಿನ ಮಾರುಕಟ್ಟೆಯಲ್ಲಿ ಮೋಹಿನಿಯಕ್ಕ ಅಂಜಲ್ ಮೀನನ್ನು ತುಂಡರಿಸುತ್ತಿದ್ದರು. ದುರಸ್ತಿಯಾದ ಕಾರನ್ನು ಹೊರಗೆ ನಿಲ್ಲಿಸಿ, ಭಟ್ಟರು ಆ ಒದ್ದೆ ನೆಲದ ಮೇಲೆ ಮೊದಲ ಬಾರಿಗೆ ಕಾಲಿಟ್ಟರು.

"ಏನಿದು ಭಟ್ರೇ, ನೀವು ಇಲ್ಲಿ? ಮೀನು ಬೇಕಾ?" ಎಂದು ಪಕ್ಕದ ಹೆಂಗಸರು ನಕ್ಕರು.

ಭಟ್ಟರು ಎಲ್ಲವನ್ನೂ ಹೇಳಿದರು. ಅರ್ಧ ಹಾಕಿದ್ದ ಪ್ಲಗ್ಗು, ಕಲಶದ ನೀರು, ನೋಡದೆ ಆಡಿದ ಮಾತು, ಫೋನಿನಲ್ಲಿ ಆಡಿದ ಇನ್ನೊಂದು ಮಾತು. ಮೋಹಿನಿಯಕ್ಕನ ಕತ್ತಿ ಹಲಗೆಯ ಮೇಲೆ ನಿಂತಿತು.

"ಹಾಗಾದ್ರೆ ಮಗ ಹೇಳಿದ್ದು ಸತ್ಯವಾ?"

"ಸತ್ಯ. ಒಂದೊಂದು ಅಕ್ಷರವೂ ಸತ್ಯ. ದುರಸ್ತಿಯ ಖರ್ಚೆಲ್ಲ ನನ್ನದು."

"ಖರ್ಚಿನ ಮಾತು ಯಾರು ಕೇಳಿದ್ರು?" ಅವರ ದನಿ ಏರಿತು. "ರಿಕ್ಷಾದವರೆಲ್ಲರ ಎದುರು ನಾನು ಅವನ ಕೆನ್ನೆಗೆ ಹೊಡ್ದಿದ್ದೇನೆ ಭಟ್ರೇ. ನೀವು ಹೇಳಿದ್ರಿ ಅಂತ. ನೀವು ಪೂಜೆ ಮಾಡುವವರು, ಸುಳ್ಳು ಹೇಳಲಿಕ್ಕಿಲ್ಲ ಅಂತ."

ಮೋಹಿನಿಯಕ್ಕ ಕತ್ತಿಯನ್ನು ಬದಿಗಿಟ್ಟು ಕೈ ಒರೆಸಿಕೊಂಡರು.

"ಇಲ್ಲಿ ಬಂದು ನನ್ನ ಕಿವಿಯಲ್ಲಿ ಹೇಳಿದ್ರೆ ಆಗ್ಲಿಲ್ಲ. ಕಾರ್ಕಳಕ್ಕೆ ಹೋಗಿ ಆ ರಿಕ್ಷಾದವರಿಗೆ ಹೇಳಿ. ಮಗನ ಎದುರಿಗೇ ಹೇಳಿ."

ಮರುದಿನ ಬೆಳಗ್ಗೆ, ತಾಯಿ ಕೀಲಿಕೈಯನ್ನು ಮರಳಿಸಿದ ಮೇಲೆ, ವಿಶಾಲ್ ಕಾರಿನಲ್ಲಿ ಮೀನು ತುಂಬಿಸಿಕೊಂಡು ಗ್ಯಾರೇಜಿನ ಮುಂದೆ ನಿಂತ. ಭಟ್ಟರು ಪಕ್ಕದಲ್ಲಿ ಕುಳಿತರು. ಕಾರ್ಕಳದವರೆಗೆ ಅವನು ಒಂದೇ ಒಂದು ಪ್ರಶ್ನೆ ಕೇಳಿದ.

"ವಾಸನೆ ಬರ್ತದಾ? ಗಾಜು ಇಳಿಸ್ಬೇಕಾ?"

"ಬೇಡ" ಎಂದರು ಭಟ್ಟರು. ಆ ಪ್ರಶ್ನೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ಬಸ್‌ಸ್ಟ್ಯಾಂಡಿನ ಬಳಿ ರೋನಿ ರಿಕ್ಷಾಕ್ಕೆ ಒರಗಿ ನಿಂತಿದ್ದ. ಭಟ್ಟರು ಇಳಿದು, ಅಲ್ಲಿದ್ದವರೆಲ್ಲರಿಗೂ ಕೇಳುವಂತೆ ಹೇಳಿದರು: ಇವನು ಬ್ರೇಕು ಒತ್ತಿದ್ದು ನಿಜ, ಬ್ರೇಕು ಇವನ ಕಾಲನ್ನು ದೂಡಿದ್ದು ನಿಜ, ಕೆಡಿಸಿದ್ದು ನನ್ನ ಕೈ, ಸುಳ್ಳುಗಾರನೆಂದು ಮಾಡಿದ್ದು ನನ್ನ ಬಾಯಿ. ಪೆಡಲು ಹೇಗೆ ನಡುಗುತ್ತದೆಂಬುದನ್ನೂ ಬಿಡಿಸಿ ಹೇಳಿದರು.

"ಭಟ್ರ ತೀರ್ಥ ಸ್ವಲ್ಪ ಸ್ಟ್ರಾಂಗ್ ಆಯ್ತಾ ಹೇಗೆ?" ಎಂದು ಒಬ್ಬ ಹಿಂದಿನಿಂದ ಕೂಗಿದ. ಎಲ್ಲರೂ ನಕ್ಕರು. ಭಟ್ಟರು ಆ ನಗುವನ್ನು ಕೊನೆಯವರೆಗೂ ನಿಂತು ಕೇಳಿದರು.

ರೋನಿ ಮಾತ್ರ ನಗದೆ ವಿಶಾಲನ ಹತ್ತಿರ ಬಂದ. "ಕಚಗುಳಿ ಅಂತ ಹೇಳಿದ್ದು ನಾನು. ತಪ್ಪಾಯ್ತು ಮಾರಾಯ. ಬಂಗುಡೆ ಉಂಟಾ ಇವತ್ತು?"

"ಉಂಟು" ಎಂದು ವಿಶಾಲ್ ಡಿಕ್ಕಿ ತೆರೆದು ಮೀನು ಆರಿಸಿ ಕೊಟ್ಟ. ಬಳಿಕ ತಾಯಿಗೆ ಫೋನು ಮಾಡಿದ. "ಹೇಳಿದ್ರು ಅಮ್ಮ" ಎಂದ. ಆ ಕಡೆಯ ಮಾತನ್ನು ಬಹಳ ಹೊತ್ತು ಕೇಳಿದ. "ಆಯ್ತು, ಅಳ್ಬೇಡ. ಮಧ್ಯಾಹ್ನ ಊಟಕ್ಕೆ ಬರ್ತೇನೆ" ಎಂದು ಫೋನು ಇಟ್ಟ.

ಭಟ್ಟರು ಕಾರಿನ ಬಾಗಿಲಿಗೆ ಕೈಯಿಟ್ಟರು.

"ನನಗೆ ಅಜೆಕಾರಿಗೆ ಹೋಗ್ಲಿಕ್ಕುಂಟು ಭಟ್ರೇ" ಎಂದ ವಿಶಾಲ್. ದನಿಯಲ್ಲಿ ಸಿಟ್ಟಿರಲಿಲ್ಲ; ಸಲಿಗೆಯೂ ಇರಲಿಲ್ಲ. "ನಿಮಗೆ ಬಸ್ಸು ಉಂಟಲ್ವಾ?"

"ಉಂಟು, ಉಂಟು" ಎಂದು ಭಟ್ಟರು ಕೈ ತೆಗೆದರು. ಕಾರು ಇಳಿಜಾರಿನ ತಿರುವಿನಲ್ಲಿ ಒಮ್ಮೆ ಕೆಂಪು ದೀಪ ಹೊತ್ತಿಸಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ದಾಟುತ್ತಿದ್ದ ಮುದುಕಿಯೊಬ್ಬಳಿಗೆ ದಾರಿಬಿಟ್ಟು ಮುಂದೆ ಹೋಯಿತು. ಅದು ಮರೆಯಾದ ಮೇಲೂ ಭಟ್ಟರು ಅಲ್ಲಿಯೇ ನಿಂತಿದ್ದರು. ಶಿರ್ವದ ಬಸ್ಸು ಬಂದು ಕಂಡಕ್ಟರು ಕೂಗಿದಾಗ ಹತ್ತಿದರು. ಸೀಟು ಖಾಲಿಯಿದ್ದರೂ, ತಪ್ಪಿನ ಲೆಕ್ಕ ಇನ್ನೂ ತೀರಿಲ್ಲವೆಂಬಂತೆ ಕುಳಿತುಕೊಳ್ಳಲಿಲ್ಲ.