ಕುಬಸದ ದಿನ ಕೈಗೇರದ ಬಳೆ

ಕಳೆದ ಶನಿವಾರ ಹಿಮಾಯತ್‌ನಗರದ ನಮ್ಮ ಮನೆಯಲ್ಲಿ ನಾನು ಸೊಸೆಯ ಕೈ ಹಿಡಿದು ಗುದ್ದಾಡುತ್ತಿದ್ದೆ.

ಗಾಬರಿಯಾಗಬೇಡಿ. ಜಗಳವಲ್ಲ, ಕುಬಸ! ಏಳು ತಿಂಗಳ ಬಸುರಿ ಶ್ರುತಿಗೆ ಹಸಿರು ಬಳೆ ತೊಡಿಸುವ ಶಾಸ್ತ್ರ. (ಮೈಸೂರಿನವಳು, ಅವಳ ಬಾಯಲ್ಲಿ ಇದು ಸೀಮಂತ.) ಬಳೆಗಳನ್ನು ಮೂರು ತಿಂಗಳ ಹಿಂದೆಯೇ ಆನ್‌ಲೈನ್‌ನಲ್ಲಿ ತರಿಸಿಟ್ಟಿದ್ದೆ. ಅವಳದೇ ಸೈಜು. ಆದರೂ ಹೆಬ್ಬೆರಳ ಬುಡ ದಾಟಲೊಲ್ಲವು.

"ಮೈಯಾಗ ನೀರು ನಿಂತೈತಿ. ನೀರು ಕಡಿಮಿ ಕುಡಸು, ಉಪ್ಪು ಬಿಡಸು, ತಾನೇ ಇಳೀತೈತಿ" ಎಂದರು ನಮ್ಮ ಅತ್ತಿಗೆ. ನಾನೂ ಹೌದೌದೆಂದು ಸೋಪು ಹಚ್ಚಿ ಒತ್ತಿದೆ. ಒಂದು ಬಳೆ ಟಕ್ಕೆಂದು ಒಡೆಯಿತು.

ಆಗ ಬೀಬಮ್ಮ ನೆನಪಾದಳು.

ನನ್ನ ಕುಬಸ ಆದದ್ದು ಸನತ್‌ನಗರದ ಕ್ವಾರ್ಟರ್ಸ್‌ನಲ್ಲಿ, ತವರುಮನೆಯಲ್ಲಿ. ಆಗ ಬಳೆ ಬರುತ್ತಿದ್ದುದು ಬಳೆಗಾರ್ತಿ ಬೀಬಮ್ಮನ ತಲೆಯ ಮೇಲಿನ ಬುಟ್ಟಿಯಲ್ಲಿ. ಅವಳು ಬುಟ್ಟಿ ಇಳಿಸಿದರೆ ಸಾಲುಮನೆಯ ಹೆಂಗಸರೆಲ್ಲ ಬಂದು ಸುತ್ತ ಕೂರುತ್ತಿದ್ದರು. ಅವಳಿಗೆ ಚಹಾ, ನಮಗೆ ಊರ ಸುದ್ದಿ. ಎಂಥ ಚೆಂದದ ದಿನಗಳು! ನಾನು ಲಂಗ ತೊಡುವ ಕಾಲದಿಂದಲೂ ನನ್ನ ಕೈಯಳತೆ ಅವಳಿಗೆ ಬಾಯಿಪಾಠ.

ಅವತ್ತು ನನ್ನ ಕೈ ಹಿಡಿದವಳು ಮೆಲ್ಲಗೆ ಒತ್ತಿದಳು. ಮುಖ ನೋಡಿದಳು.

"ತಲಿ ನೋಯಾಕತ್ತೈತೇನು, ಬೇಟಿ?"

ನೋಯುತ್ತಿತ್ತು. ಕುಬಸ ನಿಂತುಹೋದೀತೆಂದು ನಾನು ಬಾಯಿ ಬಿಟ್ಟಿರಲಿಲ್ಲ. ಬೀಬಮ್ಮ ಬಳೆಗಳನ್ನು ವಾಪಸ್ ಬುಟ್ಟಿಗೆ ಹಾಕಿದಳು. ಅವ್ವನಿಗೆ ಸಿಟ್ಟು ನೆತ್ತಿಗೇರಿತು. "ಶುಭದಿನದಾಗ ಹಿಂಗ ಮಾಡ್ತಾರೇನ?"

"ನನ್ನ ತಂಗಿ ಕೈನೂ ಹಿಂಗೇ ಊದಿತ್ರಿ ಅಮ್ಮಾ. ನಾವು ನಕ್ಕೋತ ಬಳಿ ಏರಿಸಿದ್ವಿ" ಎಂದಳು ಬೀಬಮ್ಮ. ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವ್ವ ಕೂಡಲೇ ಆಟೋ ಕರೆಸಿದಳು. ನನ್ನ ಬಿಪಿ ವಿಪರೀತ ಏರಿತ್ತು. ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ದಿನ ತುಂಬುವ ಮೊದಲೇ ಮಗ ಹುಟ್ಟಿದ. ಇಬ್ಬರೂ ಬದುಕಿದೆವು.

ಆ ಮಗನ ಹೆಂಡತಿಯ ಕೈಗೆ ಈಗ ನಾನು ಸೋಪು ಹಚ್ಚುತ್ತಿದ್ದೆ! ನನ್ನ ಬಗ್ಗೆಯೇ ನಾಚಿಕೆಯಾಯಿತು.

"ಶ್ರುತಿ, ತಲಿ ನೋಯಾಕತ್ತೈತೇನು?"

"ಎರಡು ದಿನದಿಂದ, ಅತ್ತೆ. ಎಲ್ಲರೂ ಬರ್ತಾರಲ್ಲ ಅಂತ ಹೇಳಲಿಲ್ಲ."

ಉಟ್ಟ ಹಸಿರು ಸೀರೆಯಲ್ಲೇ ಅವಳನ್ನು ಡಾಕ್ಟರ ಬಳಿ ಕರೆದೊಯ್ದೆವು. ಬಿಪಿ ಸರಿಯಿತ್ತು, ಮೂತ್ರ ಪರೀಕ್ಷೆಯೂ ಸರಿಯಿತ್ತು. ನಾನು ಅಲ್ಲೇ ಅತ್ತುಬಿಟ್ಟೆ.

ಡಾಕ್ಟರಮ್ಮ ಅರ್ಧ ತೆಲುಗು, ಅರ್ಧ ಹಿಂದಿಯಲ್ಲಿ ಬಿಡಿಸಿ ಹೇಳಿದರು. ಬಸುರಿಯ ಹಾರ್ಮೋನುಗಳೇ ಕಿಡ್ನಿಗೆ ಉಪ್ಪು, ನೀರು ಹಿಡಿದಿಡು ಎನ್ನುತ್ತವಂತೆ. ಮಗುವಿಗಾಗಿ ರಕ್ತ ಹೆಚ್ಚಬೇಕಲ್ಲ? ಇನ್ನು ಕೆಲವು ಹಾರ್ಮೋನುಗಳು ರಕ್ತನಾಳಗಳನ್ನು ಸಡಿಲಿಸುತ್ತವೆ. ಹಾಗಾಗಿ ರಕ್ತ ಹೆಚ್ಚಿದರೂ ಬಿಪಿ ಏರುವುದಿಲ್ಲ, ನಡುವಿನ ತಿಂಗಳುಗಳಲ್ಲಿ ತುಸು ಇಳಿಯುವುದೂ ಉಂಟು. ಈ ಹೊಂದಾಣಿಕೆ ತಪ್ಪಿದರೆ ಅಪಾಯ. ಕೈ, ಮುಖ ಊದಿ ತಲೆ ನೋಯತೊಡಗಿದರೆ ಕಾಯದೆ ಬಿಪಿ ನೋಡಿಸಬೇಕು. "ನೀರು, ಉಪ್ಪು ನೀವಾಗಿ ನಿಲ್ಲಿಸಬೇಡಿ" ಎಂದು ಗದರಿದರು. (ಅತ್ತಿಗೆ ಕಿಟಕಿಯಾಚೆ ನೋಡುತ್ತಿದ್ದರು.)

ಸಂಜೆ ಮಗ ಬೇಗಂ ಬಜಾರ್‌ಗೆ ಹೋಗಿ ದೊಡ್ಡ ಸೈಜಿನ ಬಳೆ ತಂದ. ಸೋಪಿಲ್ಲದೆ ಏರಿದವು.

ಆನ್‌ಲೈನ್ ಅಂಗಡಿ ಬಳೆಯ ಸೈಜು ಕೇಳುತ್ತದೆ, ಸರಿ. ತಲೆ ನೋಯುತ್ತಿದೆಯೇ ಎಂದು ಕೇಳುವವರು ಯಾರು?